ಶನಿವಾರದವರೆಗೆ

ಸಾವಿರದ ನೂರ ತೊಂಬತ್ತು ಯೂರೋ.
ಚೀಟಿ ಓದಿ ನಾನು ನಕ್ಕೆ.
ಅಂಗಡಿಯ ಹುಡುಗ ತೆಲ್ಮೊ ಮರ್ಯಾದೆಗೆಂದು ತಾನೂ ನಕ್ಕ.
ಅರ್ಮಿಂದು ಮಾತ್ರ ನಗಲಿಲ್ಲ,
ಇಗರ್ಜಿಯೊಳಗೆ ಬಂದವನ ಹಾಗೆ
ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಇಷ್ಟಕ್ಕೂ ಏನದು?
ಬೂದು ಬಟ್ಟೆ ಸುತ್ತಿದ ಒಂದು ಡಬ್ಬ,
ನಮ್ಮ ಮೀನಿನ ಬಕೆಟ್ಟಿನಷ್ಟು ಎತ್ತರ.
ಗುಂಡಿಯಿಲ್ಲ, ಬಾಯಿಯಿಲ್ಲ,
ಮೈಯೆಲ್ಲ ಗಂಟಲು.
ಕೋಣೆಯನ್ನು ಅದೇ ಅಳೆಯುತ್ತದಂತೆ,
ಗೋಡೆಯೆಲ್ಲಿ ಪರದೆಯೆಲ್ಲಿ ಎಂದು ತಿಳಿದು
ದನಿ ತಿದ್ದಿಕೊಳ್ಳುತ್ತದಂತೆ.
ನಮ್ಮ ಕೋಣೆಯನ್ನು ಅಳೆಯಲು
ಒಮ್ಮೆ ಕೆಮ್ಮಿದರೆ ಸಾಕು, ತೆಲ್ಮೊ.

ಸೆತೂಬಲಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬೂತಾಯಿಯ ತಲೆ ಕತ್ತರಿಸಿದವಳು ನಾನು.
ನನಗೆ ಲೆಕ್ಕ ಬರುವುದು ತಲೆಗಳಲ್ಲಿ.
ಒಂದು ಜೊತೆ ಚಪ್ಪಲಿಗೆ ಇಷ್ಟು,
ಮಗಳ ಹಲ್ಲಿನ ತಂತಿಗೆ ಒಂದಿಡೀ ಸಮುದ್ರ.
ಈ ಡಬ್ಬಕ್ಕೆಷ್ಟು ಎಂದು ಮನಸ್ಸಿನಲ್ಲೇ ಗುಣಿಸುತ್ತ ಹೋಗಿ
ಅರ್ಧದಲ್ಲಿ ಬಿಟ್ಟೆ,
ಮೀನುಗಳ ಎದುರು ನಾಚಿಕೆಯಾಯಿತು.
ನಾದಿನಿ ಗ್ರಾಸಿಂದಾ ಮೊದಲೇ ಅಂದಿದ್ದಳು:
ಅಷ್ಟು ದುಡ್ಡಿಗೆ ಬ್ಯಾಂಡಿನವರೇ ಮನೆಗೆ ಬಂದು
ನುಡಿಸಿ, ಊಟ ಮಾಡಿ, ಪಾತ್ರೆ ತೊಳೆದು ಹೋಗುತ್ತಾರೆ.

ಇನ್ನೊಂದು ಮಾತು. ನನ್ನ ಎಡಗಿವಿಯಲ್ಲಿ
ಹನ್ನೊಂದು ವರ್ಷದಿಂದ ಒಂದು ಸೀಟಿ,
ಡಬ್ಬಿ ಮುಚ್ಚುವ ನಾಲ್ಕನೇ ಯಂತ್ರದ ಬಳುವಳಿ.
ಬಲಗಿವಿಯೂ ಈಗೀಗ ಅದರ ಮಾತು ಕೇಳತೊಡಗಿದೆ.
ಅರ್ಧ ಕಿವಿಯವಳಿಗೆ ಪೂರ್ತಿ ಬೆಲೆ ಯಾಕೆ?

ಅರ್ಮಿಂದುವಿನ ಕಿವಿ ಬೇರೆ.
ಗೋಡೆಗೆ ಟೈಲ್ಸ್ ಕೂರಿಸುವವನು,
ಬೆರಳ ಗೆಣ್ಣಿನಿಂದ ತಟ್ಟಿ
ಒಳಗೆಲ್ಲಿ ಪೊಳ್ಳು ಎಂದು ಹೇಳುತ್ತಾನೆ.
ನನ್ನ ಮಾತನ್ನೂ ಹಾಗೇ ತಟ್ಟಿ ನೋಡುತ್ತಾನೆ.
ಅವನ ಹತ್ತಿರ ನಾನು ಸುಳ್ಳು ಹೇಳುವುದು ಕಡಿಮೆ.

ಏನು ಹಾಕಲಿ ಸೆನ್ಯೋರಾ?
ಏನಾದರೂ. ಹಾಡು ಬೇಡ.

ಒಂಟಿ ಚೆಲ್ಲೋ.
ಅರ್ಮಿಂದು ಕಣ್ಣು ಮುಚ್ಚಿದ. ಅವನ ಮುಖ
ಒಣ ಗಾರೆ ನೀರು ಕುಡಿದಂತೆ ಮೆತ್ತಗಾಯಿತು.
ನನಗೆ ಸೀಟಿ, ಸೀಟಿಯ ಹಿಂದೆ ಎಲ್ಲೋ
ಪಕ್ಕದ ಮನೆಯ ಜಗಳದಂಥ ಚೆಲ್ಲೋ.
ಬೇಸರಕ್ಕೆ ಅಂಗೈಯನ್ನು ಡಬ್ಬದ ನೆತ್ತಿಯ ಮೇಲಿಟ್ಟೆ.

ಇಟ್ಟವಳು ತೆಗೆಯಲಿಲ್ಲ.

ನಾಲ್ಕನೇ ಯಂತ್ರ ಕೆಡುವುದು
ಮೆಕ್ಯಾನಿಕ್ಕಿಗಿಂತ ಮೊದಲು ಗೊತ್ತಾಗುತ್ತಿದ್ದುದು ಈ ಅಂಗೈಗೆ.
ಈಗ ಇದಕ್ಕೆ ಗೊತ್ತಾಯಿತು:
ಯಾರೋ ಒಬ್ಬಳು ಕಮಾನು ತಿರುಗಿಸಿದಳು,
ಇಲ್ಲಿ. ಮತ್ತೆ ಇಲ್ಲಿ.
ಇಲ್ಲಿ ಸ್ವಲ್ಪ ತಡೆದಳು, ಯಾಕೋ.
ಡಬ್ಬ ನಡುಗುತ್ತಿರಲಿಲ್ಲ. ತೊಡೆಯ ಮೇಲೆ ಮಲಗಿದ ಬೆಕ್ಕು
ಎಷ್ಟು ಮಿಸುಕುತ್ತದೋ ಅಷ್ಟೇ.

ಅರ್ಮಿಂದು ಟೊಪ್ಪಿ ಹಾಕಿಕೊಂಡ.
ಚೆನ್ನಾಗಿದೆ. ಬೇಡ ಬಿಡು, ನಿನಗೆ ಹೇಗೂ...
ಎಂದು ನಿಲ್ಲಿಸಿದ.
ನಿಲ್ಲಿಸಿದ ಜಾಗವನ್ನು ನಾನು ತಟ್ಟಿ ನೋಡಿದೆ.
ಪೊಳ್ಳಿರಲಿಲ್ಲ. ಅದಕ್ಕೇ ಸಿಟ್ಟು ಬಂತು.

ರಿಯಾಯಿತಿ ಶನಿವಾರದವರೆಗೆ, ಅಂದ ತೆಲ್ಮೊ.

ಮನೆಗೆ ಬಂದು ಅಡುಗೆಮನೆಯ ರೇಡಿಯೋ ಮೇಲೆ ಕೈಯಿಟ್ಟೆ.
ಪಾಪ, ಸುದ್ದಿಗೂ ನಡುಗುತ್ತದೆ, ಹವಾಮಾನಕ್ಕೂ ನಡುಗುತ್ತದೆ,
ಯಾರು ಏನಂದರೂ ಹೂಂ ಅನ್ನುವ ಮುದುಕನ ಹಾಗೆ.
ಇಪ್ಪತ್ತೆರಡು ವರ್ಷ ಇದರ ಜೊತೆ ಈರುಳ್ಳಿ ಹೆಚ್ಚಿದ್ದೇನೆ,
ದೂರುವುದು ಸರಿಯಲ್ಲ.

ಇವತ್ತು ಶುಕ್ರವಾರ. ರಾತ್ರಿ.
ಬಿಸ್ಕತ್ತಿನ ಡಬ್ಬಿಯ ನೋಟುಗಳು ಮೇಜಿನ ಮೇಲಿವೆ,
ಒಂಬೈನೂರ ನಲವತ್ತು,
ಬಚ್ಚಲಿನ ಸೋರುವ ಕೊಳವೆಗೆಂದು ಕೂಡಿಟ್ಟದ್ದು.
ಅದು ತೊಟ್ಟಿಕ್ಕುವುದು ನನಗೆ ಕೇಳಿಸುವುದಿಲ್ಲ.
ಅವನಿಗೆ ಕೇಳಿಸುತ್ತದೆ, ಬೆಳಗಿನವರೆಗೂ.
ಒಂದು ದಿನವೂ ಹೇಳಿಲ್ಲ.

ಇನ್ನೂರೈವತ್ತು ಕಡಿಮೆ ಬೀಳುತ್ತದೆ.
ಮತ್ತೆ ಮೊದಲಿನಿಂದ ಎಣಿಸುತ್ತೇನೆ.